ಮೊದಲು ಜಾತಕ ವಾಪಸ್ ತರಿಸಿಕೊಳ್ಳಿ

ಪ್ರಶ್ನೆ: ನಮ್ಮದು ಸಾಗರದ ಕಡೆಯ ತೋಟದ ಮನೆ. ಪೂಜೆ, ಮಡಿ ಎಲ್ಲ ಕಟ್ಟುನಿಟ್ಟು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ 29. ಜಾತಕ ಕೊಟ್ಟಿದ್ದೆವು. "ಹುಡುಗಿ ನೋಡ್ಬೇಡಮ್ಮಾ, ನಾನು ಗೇ" ಎಂದು ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಹೇಳಿದ. ಮದುವೆ ಕೂಡಿಬರುತ್ತಿಲ್ಲವೆಂದಷ್ಟೇ ಜೋಯಿಸರಿಗೆ ಹೇಳಿದೆ. ಸರ್ಪದೋಷ ಎಂದರು. ಕುಕ್ಕೆಯಲ್ಲಿ ಆಶ್ಲೇಷಾ ಬಲಿಯೂ ಆಯಿತು. ಚೌತಿಗೆ ಗಣಪತಿಯ ಮೇಲೆ ಫಲಾವಳಿ ಕಟ್ಟುವವನು ಯಾವಾಗಲೂ ಅವನೇ. ಈ ಸಲ ಮನಸ್ಸು ಬರಲಿಲ್ಲ, ಮೈದುನನ ಮಗನಿಂದ ಕಟ್ಟಿಸಿದೆ. ಇವನು ಏನೂ ಅನ್ನದೆ ಜಗಲಿಯಲ್ಲಿ ಕೂತಿದ್ದ. ಮದುವೆಯಾದರೆ ಸರಿಹೋಗುತ್ತಾನೆಯೇ? ಡಾಕ್ಟರಿಗೆ ತೋರಿಸಲೇ? ಇವನಪ್ಪನಿಗೆ ಹೇಗೆ ಹೇಳಲಿ?
– ಹೆಸರು ಬೇಡ

ಉತ್ತರ: ತಾಯಿ, ಮೊದಲು ಆ ಜಾತಕ ವಾಪಸ್ ತರಿಸಿಕೊಳ್ಳಿ. 'ಮದುವೆಯಾದರೆ ಸರಿಹೋಗುತ್ತಾನೆ' ಎಂದವರ ಮನೆಗೆ ಸೊಸೆಯಾಗಿ ಹೋದವರೂ ನನಗೆ ಬರೆಯುತ್ತಾರೆ. ಗಂಡ ಒಳ್ಳೆಯವನೇ, ಬಯ್ಯುವುದಿಲ್ಲ, ಹತ್ತಿರವೂ ಬರುವುದಿಲ್ಲ, ನನ್ನಲ್ಲೇ ಏನೋ ಕೊರತೆ ಇರಬೇಕು ಅಂತ. ನಿಮಗೆ ಮಗಳಿದ್ದರೆ ಅಂಥ ಮನೆಗೆ ಕೊಡುತ್ತಿದ್ದಿರಾ? ನಿಮ್ಮ ಮಗ ಬಾಯಿಬಿಟ್ಟು ಹೇಳಿ ಒಬ್ಬಳು ಹುಡುಗಿಯನ್ನು ಉಳಿಸಿದ್ದಾನೆ.

ಡಾಕ್ಟರಿಗೆ ತೋರಿಸಲು ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಸರಿಮಾಡಿಕೊಡುತ್ತೇನೆಂದು ಚಿಕಿತ್ಸೆಗೆ ಇಳಿಯುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅಪರಾಧವೂ ಅಲ್ಲ, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿದೆ.

ಆಶ್ಲೇಷಾ ಬಲಿ ನಿಮ್ಮ ಸಮಾಧಾನಕ್ಕೆ ಆಯಿತು, ಇರಲಿ. (ವಿಷಯವನ್ನೇ ಹೇಳದಿದ್ದರೂ ಜೋಯಿಸರಿಗೆ ದೋಷ ಸಿಕ್ಕಿದ್ದು ಹೇಗೋ!) ನನ್ನನ್ನು ಕಾಡಿದ್ದು ಫಲಾವಳಿಯ ಮಾತು. ಇಷ್ಟು ವರ್ಷ ಸ್ಟೂಲು ಹತ್ತಿ ಅಡಿಕೆ ಸಿಂಗಾರ, ಮೊಗೆಕಾಯಿ, ಹೀರೆಕಾಯಿ ಬಾಳೆಪಟ್ಟೆಯಲ್ಲಿ ಬಿಗಿದು ಕಟ್ಟಿದವನೂ ಇದೇ ಹುಡುಗ. ಆಗಲೂ ಅವನು ಹೀಗೇ ಇದ್ದ, ನಿಮಗೆ ಗೊತ್ತಿರಲಿಲ್ಲ ಅಷ್ಟೇ. ಗಣಪತಿಗೆ ಗೊತ್ತಿರಲಿಲ್ಲವೇ? ಆ ಫಲಾವಳಿಯ ಕೆಳಗೇ ಕೂತು ಪೂಜೆ ಮಾಡಿಸಿಕೊಂಡನಲ್ಲ. ಅವನಿಗೆ ತಾಗದ ಮೈಲಿಗೆ ನಿಮಗೆ ಎಲ್ಲಿಂದ ತಾಗಿತು? ಪೂಜೆ ಬಿಡಿ ಎಂದು ನಾನು ಹೇಳುತ್ತಿಲ್ಲ, ನಾನೂ ಸಂಜೆ ದೀಪ ಹಚ್ಚುವವಳೇ. ಮಗನನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಮಂಗಳಾರತಿ ಎತ್ತುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ನಿಮ್ಮಂಥವರು ಬೇಕಾದಷ್ಟು ಜನ ಇದ್ದಾರೆ. 'ಸ್ವೀಕಾರ್' ಎಂಬುದು ಇಂಥ ಮಕ್ಕಳ ಅಪ್ಪ ಅಮ್ಮಂದಿರದೇ ಗುಂಪು. ನಮ್ಮ ಮಕ್ಕಳಿಗೂ ಮದುವೆಯ ಹಕ್ಕು ಕೊಡಿ ಎಂದು 2023ರಲ್ಲಿ 400ಕ್ಕೂ ಹೆಚ್ಚು ಹೆತ್ತವರು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದಿದ್ದರು. ಹಕ್ಕು ಸಿಗಲಿಲ್ಲ, ಅದು ಬೇರೆ ಮಾತು. ಅವರನ್ನು ಹುಡುಕಿಕೊಡು ಎಂದು ಮಗನನ್ನೇ ಕೇಳಿ. ಆ ನೆಪದಲ್ಲಾದರೂ ಫೋನ್ ಮಾಡಿದಂತಾಗುತ್ತದೆ.

ಯಜಮಾನರಿಗೆ ಮಗನನ್ನು ಕೇಳದೆ ಹೇಳಬೇಡಿ. ನೀನೇ ಹೇಳಮ್ಮ ಎಂದರೆ ಹೇಳಿ, ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಬೇಡ. ಅವರು ಕೂಗಾಡಬಹುದು. ಆಗ ಮಗನ ಪರವಾಗಿ ಏನು ಹೇಳುತ್ತೀರಿ ಎಂದು ಈಗಲೇ ಯೋಚಿಸಿಟ್ಟುಕೊಳ್ಳಿ.