ನೂರಕ್ಕೆ ವಯಸ್ಸು ಕೂಡಿಸುವ ಲೆಕ್ಕ

ಸೇಡಂ ತಾಲ್ಲೂಕಿನಿಂದ ಪತ್ರ ಬರೆದಿರುವ ಓದುಗರಿಗೆ ನಮಸ್ಕಾರ.

ಇತರ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಮೊದಲು ಹೇಳುತ್ತೇನೆ. ನಿಮ್ಮ ತಂದೆಯವರಿಗೆ 78 ವರ್ಷ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿದಾಗ ಅವರ ಬಿಪಿ 172/74 ಇತ್ತು. ಎರಡು ತಿಂಗಳು ಗುಳಿಗೆ ನುಂಗಿದ ಮೇಲೆ ಮೇಲಿನ ಅಂಕಿ 136ಕ್ಕೆ ಇಳಿಯಿತು. ‘ಈಗ ಆರಾಮ ಅದೀನಿ’ ಎಂದು ಅವರು ಗುಳಿಗೆ ಬಿಟ್ಟುಬಿಟ್ಟರು. ನೂರಕ್ಕೆ ವಯಸ್ಸು ಕೂಡಿಸಿದಷ್ಟು ಬಿಪಿ ಇದ್ದರೆ ತಪ್ಪಿಲ್ಲವೆಂದು ಊರಿನ ಹಿರಿಯರೊಬ್ಬರು ಹೇಳಿದ್ದು ಅವರ ಹಟಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ತಾಯಿಯವರು ಗುಳಿಗೆ ತಪ್ಪಿಸುವುದಿಲ್ಲ, ಆದರೆ ನಸುಕಿನಲ್ಲಿ ಏಳುವಾಗ ಚಕ್ಕರ್ ಬರುತ್ತದೆ ಎನ್ನುತ್ತಾರೆ. ಈ ವಯಸ್ಸಿನವರಿಗೆ ಗುಳಿಗೆ ಬೇಕೇ, ಮನೆಗೊಂದು ಬಿಪಿ ಯಂತ್ರ ಕೊಳ್ಳಬೇಕೇ ಎಂದು ಕೇಳಿದ್ದೀರಿ.

ಗುಳಿಗೆ ಬೇಕು. ನೂರಕ್ಕೆ ವಯಸ್ಸು ಕೂಡಿಸುವ ಲೆಕ್ಕವನ್ನು ಆ ಹಿರಿಯರು ತಾವೇ ಹುಟ್ಟಿಸಿದ್ದಲ್ಲ. ವೈದ್ಯರೇ ಅದನ್ನು ನಂಬಿದ್ದ ಕಾಲವೊಂದಿತ್ತು. ವಯಸ್ಸಾದಂತೆ ದೊಡ್ಡ ರಕ್ತನಾಳಗಳು ತಮ್ಮ ಹಿಗ್ಗುವ ಗುಣವನ್ನು ಕಳೆದುಕೊಂಡು ಗಡುಸಾಗುವುದರಿಂದ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇದ್ದಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ. ನಿಮ್ಮ ತಂದೆಯವರ 172/74 ಇದಕ್ಕೆ ಸರಿಯಾದ ಉದಾಹರಣೆ. ಹೀಗೆ ಏರುವುದು ಬಹುತೇಕರಲ್ಲಿ ಕಾಣುವ ಸಂಗತಿಯೆಂಬುದು ನಿಜ, ಆದರೆ ಬಹಳ ಜನರಲ್ಲಿ ಇದೆ ಎಂದ ಮಾತ್ರಕ್ಕೆ ಅದು ನಿರಪಾಯವಾಗುವುದಿಲ್ಲ. ಕೆಳಗಿನ ಅಂಕಿ ಸರಿಯಿದ್ದು ಮೇಲಿನದು ಮಾತ್ರ 160 ದಾಟಿದ್ದ, 60 ವರ್ಷ ಮೀರಿದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1991ರಲ್ಲಿ ಬಂತು. ಔಷಧ ಪಡೆದವರಲ್ಲಿ ಲಕ್ವ ಹೊಡೆಯುವುದು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗಿತ್ತು. ಎಂಬತ್ತು ದಾಟಿದವರ ಗತಿಯೇನು ಎಂಬ ಅನುಮಾನವೂ 2008ರಲ್ಲಿ ಬಗೆಹರಿಯಿತು. ಆ ವಯಸ್ಸಿನ 3,845 ಜನರ ಮೇಲೆ ಹಲವು ದೇಶಗಳಲ್ಲಿ ನಡೆಯುತ್ತಿದ್ದ ಪರೀಕ್ಷೆಯನ್ನು, ಔಷಧ ಪಡೆದವರಲ್ಲಿ ಸಾವು ಕಡಿಮೆಯಾದದ್ದು ಕಂಡು, ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಅಲ್ಲಿ ಇಟ್ಟುಕೊಂಡ ಗುರಿ 150/80 ಎಂಬುದನ್ನು ಗಮನಿಸಿ. ಮುದುಕರ ಬಿಪಿಯನ್ನು ಒಮ್ಮೆಲೇ ತರುಣರ ಮಟ್ಟಕ್ಕೆ ಇಳಿಸಬೇಕೆಂದು ಯಾರೂ ಹೊರಟಿರಲಿಲ್ಲ.

ತಂದೆಯವರ ಅಂಕಿ 136ಕ್ಕೆ ಇಳಿದದ್ದು ಗುಳಿಗೆಯಿಂದ. ಅದನ್ನು ರೋಗ ವಾಸಿಯಾದ ಗುರುತೆಂದು ತಿಳಿಯಬಾರದು. ಅಮ್ಲೋಡಿಪಿನ್‌ನಂತಹ ಗುಳಿಗೆಯ ಪ್ರಭಾವ ಬಿಟ್ಟ ಮೇಲೂ ಕೆಲವು ದಿನ ಉಳಿಯುವುದರಿಂದ, ಆ ದಿನಗಳಲ್ಲಿ ನೋಡಿಸಿಕೊಂಡವರಿಗೆ ಗುಳಿಗೆಯಿಲ್ಲದೆಯೂ ಬಿಪಿ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಅವರನ್ನು ಮತ್ತೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ತಾಯಿಯವರ ವಿಷಯವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮುಟ್ಟು ನಿಲ್ಲುವವರೆಗೆ ಹೆಂಗಸರಲ್ಲಿ ಬಿಪಿ ಗಂಡಸರಿಗಿಂತ ಕಡಿಮೆ. ಅರವತ್ತರ ನಂತರ ಆ ಅಂತರ ಅಳಿಸಿಹೋಗಿ ಅವರೇ ಮುಂದಾಗುತ್ತಾರೆ, ಆದರೂ ನಮ್ಮ ಮನೆಗಳಲ್ಲಿ ಮೊದಲು ದವಾಖಾನೆಗೆ ಹೋಗುವವರು ಗಂಡಸರೇ. ಏಳುವಾಗ ಬರುವ ಚಕ್ಕರ್ ಕುರಿತು ವೈದ್ಯರಿಗೆ ತಿಳಿಸಿ, ಕೂತಾಗ ಒಮ್ಮೆ, ಎದ್ದು ನಿಂತ ಒಂದು ನಿಮಿಷಕ್ಕೂ ಮೂರು ನಿಮಿಷಕ್ಕೂ ಮತ್ತೆ ಬಿಪಿ ನೋಡಲು ಕೇಳಿಕೊಳ್ಳಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಪ್ರಮಾಣವನ್ನೋ ಔಷಧವನ್ನೋ ಬದಲಿಸುವ ವಿಚಾರವನ್ನು ಅವರು ಮಾಡುತ್ತಾರೆ. ಅಲ್ಲಿಯವರೆಗೆ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ಪಾದಗಳನ್ನು ಆಡಿಸಿ, ಆಮೇಲೆ ಏಳಲಿ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಎಲುಬು ಮುರಿದರೆ ಅದು ಬಿಪಿಗಿಂತ ಸಣ್ಣ ಕಷ್ಟವಲ್ಲ. ಕಲಬುರಗಿಯ ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಬೆವರಿ ನೀರು ಕಡಿಮೆಯಾಗಿ, ಚಳಿಗಾಲದಲ್ಲಿ ಸರಿಯಿದ್ದ ಗುಳಿಗೆಯೇ ಹೆಚ್ಚಾಗಬಹುದು. ಮೂತ್ರ ಹೆಚ್ಚಿಸುವ ಗುಳಿಗೆಯಿದ್ದರಂತೂ ಬೇಸಿಗೆಗೆ ಮುನ್ನ ಒಮ್ಮೆ ತೋರಿಸಲೇಬೇಕು.

ಒಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಳಿಗೆಗಳು ಬಿಪಿಯನ್ನು ಏರಿಸುತ್ತವೆ. ಟೆಲ್ಮಿಸಾರ್ಟನ್ ಎಂಬ ಬಿಪಿ ಗುಳಿಗೆ ಮತ್ತು ಮೂತ್ರ ಹೆಚ್ಚಿಸುವ ಗುಳಿಗೆಯ ಜೊತೆ ಸೇರಿದರೆ ಮೂತ್ರಪಿಂಡಕ್ಕೂ ಅಪಾಯ. ತಾಯಿಯವರ ಗುಳಿಗೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ ಉಪ್ಪು ಸಾಕು. ಜೋಳದ ರೊಟ್ಟಿಗೆ ನಮ್ಮಲ್ಲಿ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಉಪ್ಪಿರುವುದು ತಟ್ಟೆಯ ಅಂಚಿನ ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳಗಳಲ್ಲಿ. ಕಡಿಮೆ ಸೋಡಿಯಂ ಉಪ್ಪೆಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುವುದರಿಂದ, ಟೆಲ್ಮಿಸಾರ್ಟನ್ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಬಳಸುವುದು ಬೇಡ.

ಇನ್ನು ಯಂತ್ರ. ಕೊಳ್ಳಿರಿ, ಆದರೆ ಮಣಿಕಟ್ಟಿನದು ಬೇಡ, ತೋಳಿಗೆ ಕಟ್ಟುವುದನ್ನೇ ಆರಿಸಿ. ತಾಯಿಯವರ ತೋಳು ಸಣ್ಣದಿದ್ದರೆ ಅದಕ್ಕೆ ತಕ್ಕ ಪಟ್ಟಿ ಕೇಳಿ ಪಡೆಯಿರಿ. ಪಟ್ಟಿ ದೊಡ್ಡದಾದರೆ ಅಂಕಿ ನಿಜಕ್ಕಿಂತ ಕಡಿಮೆ, ಚಿಕ್ಕದಾದರೆ ಹೆಚ್ಚು ತೋರಿಸುತ್ತದೆ. ಚಹಾ, ತಂಬಾಕು ಆಗಿ ಅರ್ಧ ತಾಸಾದರೂ ಕಳೆದಿರಲಿ. ಬೆನ್ನಿಗೆ ಆಸರೆಯಿಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತ ಮೇಲೆ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ನೋಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆದಿಡಿ. ಒಂದು ವಾರ ಬೆಳಿಗ್ಗೆ, ಸಂಜೆ ಬರೆದ ಆ ಹಾಳೆಯನ್ನು ವೈದ್ಯರ ಮುಂದಿಟ್ಟರೆ ತಂದೆಯವರ ಗುಳಿಗೆಯ ಪ್ರಮಾಣವನ್ನು ನಿರ್ಧರಿಸುವುದು ಅವರಿಗೆ ಸುಲಭವಾಗುತ್ತದೆ.

— ಸಂಪಾದಕ