ತಿದ್ದಿದರೆ ಸಿಟ್ಟು ಬರುತ್ತದೆ, ಕಲಿಯುವ ಮನಸ್ಸು ಬರುವುದು ಹೇಗೆ?

ಹತ್ತು ವರ್ಷದಿಂದ ಕ್ರೈಸ್ತ ಸಭೆಯಲ್ಲಿದ್ದೀರಿ, ಬೈಬಲ್ ಚೆನ್ನಾಗಿ ಓದಿಕೊಂಡಿದ್ದೀರಿ, ಆದರೂ ಯಾರಾದರೂ ತಿದ್ದಿದರೆ ಒಳಗೊಳಗೇ ಉರಿಯುತ್ತದೆ, ದೀನತೆ ಬರುವುದು ಹೇಗೆ ಅಂತ ಕೇಳಿದ್ದೀರಿ. ಆ ಉರಿ ನನಗೂ ಚೆನ್ನಾಗಿ ಗೊತ್ತು. ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ.

ನಾನು ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ಕಲಿಸುತ್ತೇನೆ. ಒಂದು ವರ್ಷ ಕ್ರಿಸ್ಮಸ್ ನಾಟಕದ ಪ್ರಾಕ್ಟೀಸ್ ನಡೆಯುತ್ತಿತ್ತು. ಹುಟ್ಟಿದ ಯೇಸುವಿಗೆ ಕಾಣಿಕೆ ತಂದ ಮೂಡಣ ದೇಶದ ಜೋಯಿಸರ ಪಾತ್ರಕ್ಕೆ ಮೂವರು ಹುಡುಗರನ್ನು ಆರಿಸಿದ್ದೆ. ಆರನೇ ಕ್ಲಾಸಿನ ಒಬ್ಬ ಹುಡುಗಿ ಬಂದು, "ಅಂಕಲ್, ನನ್ನ ತಮ್ಮನೂ ಜೋಯಿಸ ಆಗಲಿ" ಅಂದಳು. ಜೋಯಿಸರು ಮೂರೇ ಜನ ಕಣಮ್ಮ ಅಂದೆ. "ಮೂರು ಅಂತ ಬೈಬಲಲ್ಲಿ ಎಲ್ಲಿದೆ?" ಅಂದಳು. ಅದೂ ಎಲ್ಲರ ಮುಂದೆ. "ಹೋಗಮ್ಮ, ಮೊದಲು ನಿನ್ನ ಡೈಲಾಗ್ ಕಲಿ" ಅಂತ ನಕ್ಕು ಕಳಿಸಿಬಿಟ್ಟೆ.

ರಾತ್ರಿ ಬೈಬಲಿನಲ್ಲಿ ಆ ಕಥೆ ಇರುವ ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದೆ. ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆಗಳೇನೋ ಮೂರಿವೆ. ತಂದವರು ಎಷ್ಟು ಜನ ಅಂತ ಇಲ್ಲವೇ ಇಲ್ಲ. ಎಷ್ಟೋ ಸಲ ಓದಿದ್ದ ಅಧ್ಯಾಯ ಅದು. ತಮಾಷೆ ಏನೆಂದರೆ, ತಪ್ಪು ಗೊತ್ತಾದ ಮೇಲೂ ಮುಂದಿನ ಭಾನುವಾರ ನಾನು ಬಾಯಿ ಬಿಡಲಿಲ್ಲ. ಮಗು, ಮರೆತಿರುತ್ತಾಳೆ ಅಂತ ಸುಮ್ನಿದ್ದೆ.

ಆ ವಾರವೇ ನಾಮಾನನ ಪಾಠ ಕಲಿಸಬೇಕಾಗಿ ಬಂತು. ಬೈಬಲಿನ 2 ಅರಸುಗಳು ಪುಸ್ತಕದ 5ನೇ ಅಧ್ಯಾಯ. ಅರಾಮ್ ದೇಶದ ಸೇನಾಪತಿ, ಮೈಯಲ್ಲಿ ಕುಷ್ಠ. ಅವನಿಗೆ ದಾರಿ ತೋರಿಸಿದವರು ಯಾರು ನೋಡಿ. ಸೆರೆ ಹಿಡಿದು ತಂದಿದ್ದ ಒಬ್ಬ ಪುಟ್ಟ ಹುಡುಗಿ, ಪ್ರವಾದಿ ಎಲೀಷ ಕಳಿಸಿದ ಒಬ್ಬ ಆಳು, ಕೊನೆಗೆ ತನ್ನದೇ ಸೇವಕರು. ಒಬ್ಬರೂ ಅವನ ಸರಿಸಮ ಅಲ್ಲ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಅಂತ ಹೇಳಿ ಕಳಿಸಿದಾಗ ಅವನಿಗೆ ರೇಗಿತು. ಪ್ರವಾದಿ ತಾನೇ ಹೊರಗೆ ಬಂದು, ಪ್ರಾರ್ಥಿಸಿ, ಕೈಯಾಡಿಸಿ ವಾಸಿ ಮಾಡುತ್ತಾನೆ ಅಂದುಕೊಂಡಿದ್ದನಂತೆ. ಹೊಳೆಯೇ ಆಗಬೇಕಿದ್ದರೆ ನಮ್ಮ ದಮಸ್ಕದಲ್ಲಿ ಇಲ್ಲವಾ ಅಂತ ಹೊರಟೇಬಿಟ್ಟ. ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದೆಯಲ್ಲವೇ, ಇಷ್ಟು ಚಿಕ್ಕದನ್ನು ಮಾಡಬಾರದಾ ಅಂತ ಸೇವಕರು ಹೇಳಿದರು. ಅವನು ಹೋಗಿ ಮುಳುಗಿದ.

ಸಿಟ್ಟು ಪೂರ್ತಿ ಇಳಿದ ಮೇಲೆ ಹೋದ ಅಂತ ಅಲ್ಲಿ ಬರೆದಿಲ್ಲ. ಹೋದ, ಅಷ್ಟೇ. ನನಗೆ ತಾಗಿದ್ದು ಅದೇ. ತಿದ್ದಿದಾಗ ಉರಿಯೇ ಏಳಬಾರದು ಅಂತ ನೀವು ಕಾಯುತ್ತಿದ್ದೀರಿ ಅನಿಸುತ್ತದೆ. ಅದಕ್ಕೆ ಕಾಯಬೇಡಿ. ಉರಿ ಇರುವಾಗಲೇ ಚಿಕ್ಕದೊಂದು ಕೆಲಸ ಮಾಡಿ. "ಎಲ್ಲಿದೆ, ಸ್ವಲ್ಪ ತೋರಿಸ್ತೀರಾ?" ಅಂತ ಕೇಳಿ, ಮನೆಗೆ ಹೋಗಿ ತೆಗೆದು ನೋಡಿ. ತಪ್ಪಿದ್ದರೆ ಅವರ ಹತ್ತಿರವೇ ಹೋಗಿ ಹೇಳಿ. ನನಗಂತೂ ಪ್ರಾರ್ಥನೆಗಿಂತ ಈ ಕೊನೆಯದೇ ಜಾಸ್ತಿ ಕಷ್ಟ.

ಮೊದಲ ಕಾಲದ ಸಭೆಯ ಬೋಧಕ ಅಪೊಲ್ಲೋಸನದು ಇನ್ನೊಂದು ಥರ. ಅಲೆಕ್ಸಾಂದ್ರಿಯದವನು, ವಾಕ್ಚತುರ, ಶಾಸ್ತ್ರ ಬಲ್ಲವನು. ಆದರೆ ಯೇಸುವಿಗೆ ದಾರಿ ಸಿದ್ಧಮಾಡಲು ಬಂದ ಯೋಹಾನ ನೀರಿನಲ್ಲಿ ಕೊಡುತ್ತಿದ್ದ ದೀಕ್ಷಾಸ್ನಾನದ ಆಚೆ ಗೊತ್ತಿರಲಿಲ್ಲ. ಗುಡಾರ ಹೊಲಿಯುವ ದಂಪತಿ ಅಕ್ವಿಲ, ಪ್ರಿಸ್ಕಿಲ್ಲ ಅವನನ್ನು ಜೊತೆಗೆ ಕರೆದುಕೊಂಡು ಹೋಗಿ ತಿಳಿಸಿಕೊಟ್ಟರು. ಸಭೆಯ ಮಧ್ಯೆ ಎದ್ದು ನಿಂತು ಅಲ್ಲ. ಆಮೇಲೆ ಅವನು ಗ್ರೀಸಿನ ಅಖಾಯ ಪ್ರಾಂತಕ್ಕೆ ಹೋಗಿ ವಿಶ್ವಾಸಿಗಳಿಗೆ ತುಂಬಾ ನೆರವಾದ. ನಿಮಗೂ ಅಂಥ ಒಬ್ಬರು ಇಬ್ಬರು ಬೇಕು. "ನನ್ನಲ್ಲಿ ತಪ್ಪು ಕಂಡರೆ ಹೇಳಿ" ಅಂತ ನೀವೇ ಮೊದಲು ಕೇಳಿಟ್ಟುಕೊಳ್ಳಿ. ಕೇಳಿ ಪಡೆದ ಮಾತು ಅಷ್ಟು ಚುಚ್ಚುವುದಿಲ್ಲ.

ಒಂದು ಎಚ್ಚರಿಕೆ. ದೀನತೆ ಅಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ. ಪ್ರಶ್ನೆ ಕೇಳಿದವರನ್ನೇ ಅಹಂಕಾರಿ ಅನ್ನುವ ನಾಯಕರೂ ಇದ್ದಾರೆ. ಬೆರೋಯ ಊರಿನವರು ಅಪೊಸ್ತಲ ಪೌಲ ಹೇಳಿದ್ದನ್ನೂ ದಿನಾ ಶಾಸ್ತ್ರ ತೆಗೆದು ಹೌದೋ ಅಲ್ಲವೋ ಅಂತ ನೋಡಿದರು. ಅಪೊಸ್ತಲರ ಕೃತ್ಯಗಳು 17:11ರಲ್ಲಿ ಅದಕ್ಕೆ ಅವರನ್ನು ಹೊಗಳಿಯೇ ಇದೆ. ಸುಮ್ನೆ ಒಪ್ಪಿಕೊಳ್ಳುವವರು ಕಲಿಯುತ್ತಿದ್ದಾರೆ ಅಂತ ನನಗನಿಸುವುದಿಲ್ಲ.

ಆ ಹುಡುಗಿಗೆ ಕೊನೆಗೂ ಕ್ಲಾಸಿನ ಮುಂದೆಯೇ ಹೇಳಿದೆ, ನೀನು ಕೇಳಿದ್ದು ಸರಿ, ನಾನೇ ಸರಿಯಾಗಿ ಓದಿರಲಿಲ್ಲ ಅಂತ. ಅವಳು ಅದನ್ನು ದೊಡ್ಡದು ಮಾಡಲೇ ಇಲ್ಲ. "ಹಾಗಾದ್ರೆ ತಮ್ಮನ್ನ ಸೇರಿಸ್ಕೊಳ್ತೀರಾ?" ಅಂತ ಕೇಳಿದಳು. ಅದು ಕೇಳಿ ಇನ್ನೊಬ್ಬನೂ ಕೈ ಎತ್ತಿದ. ಆ ವರ್ಷ ನಮ್ಮ ನಾಟಕದಲ್ಲಿ ಐದು ಜನ ಜೋಯಿಸರಿದ್ದರು. ಕಿರೀಟ ಮಾತ್ರ ಮೂರೇ ಇದ್ದವು.