ಹಾಲಿನ ಚಿಂತೆ ಸರಿ, ಬಾಣಂತಿ ಚಿಂತೆ ಯಾರಿಗೆ?

ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇದು: "ಹಸು ಎಮ್ಮೆಗಳಿಗೆ ಆಕ್ಸಿಟೋಸಿನ್ ಚುಚ್ಚಿ ಹಾಲು ಹಿಂಡ್ತಾರೆ, ಆ ವಿಷ ನಮ್ಮ ಮೊಮ್ಮಕ್ಕಳ ಹೊಟ್ಟೆ ಸೇರ್ತಿದೆ, ಹೆಣ್ಣುಮಕ್ಕಳು ಬೇಗ ಮೈನೆರೀತಿದ್ದಾರೆ. ಇದನ್ನ ದೇಶದಲ್ಲೇ ಬ್ಯಾನ್ ಮಾಡಿ ಅಂತ ನಿಮ್ಮ ಪತ್ರಿಕೆ ಯಾಕೆ ಬರೆಯಲ್ಲ? ಫಾರಿನ್ನಲ್ಲಿ ಇದನ್ನೇ ಲವ್ ಹಾರ್ಮೋನ್ ಅಂತ ಮೂಗಿಗೆ ಸ್ಪ್ರೇ ಮಾಡ್ಕೋತಾರಂತೆ, ಅದಾದ್ರೂ ನಿಜವಾ?"

ಮೇಷ್ಟ್ರೇ, ನಿಮ್ಮ ಕಾಳಜಿ ದೊಡ್ಡದು, ಮೂಕಪ್ರಾಣಿ ಬಗ್ಗೆ ಮರುಗೋರು ಕಡಿಮೆ ಆಗ್ತಿರೋ ಕಾಲದಲ್ಲಿ ನೀವು ಬರೆದಿದ್ದೇ ಸಂತೋಷ. ಕರು ಇಲ್ಲದ ಎಮ್ಮೆಗೆ ಬೆಳಿಗ್ಗೆ ಸಂಜೆ ಸೂಜಿ ಚುಚ್ಚೋದು ಕ್ರೂರ, ಹಾಗೆ ಮಾಡೋರನ್ನ ಹಿಡಿದು ಕೇಸ್ ಹಾಕಬೇಕು, ಇದರಲ್ಲಿ ಎರಡು ಮಾತಿಲ್ಲ. ಆದ್ರೆ ನಿಮ್ಮ ಪತ್ರ ಪೂರ್ತಿ ಓದಿದೆ, ಎರಡೂ ಪುಟದಲ್ಲಿ ಬಾಣಂತಿ ಅನ್ನೋ ಪದ ಒಂದು ಸಲನೂ ಬಂದಿಲ್ಲ. ಹೆತ್ತ ತಾಯಿಯ ರಕ್ತಸ್ರಾವ ತಡೆಯೋ ಔಷಧಿನೂ ಇದೇ ಆಕ್ಸಿಟೋಸಿನ್, ನನಗೆ ಹೊಟ್ಟೆ ಉರಿಯೋದು ಅಲ್ಲೇ.

ಮೊದಲು ಹಾಲಿನ ವಿಷಯ ಮುಗಿಸ್ತೀನಿ. ಈ ಹಾರ್ಮೋನನ್ನ ಹಸು ತಾನೇ ಮಾಡ್ಕೊಳ್ಳುತ್ತೆ, ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ಸೊರ ಬಿಡೋದು ಇದರಿಂದಲೇ, ಕೆಲವೇ ನಿಮಿಷದಲ್ಲಿ ರಕ್ತದಿಂದ ಹೊರಟೂ ಹೋಗುತ್ತೆ. ಇದು ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್, ಅಂದ್ರೆ ಪ್ರೋಟೀನಿನ ಚೂರಿನಂಥದ್ದು, ನುಂಗಿದ್ರೆ ಹೊಟ್ಟೆ ಕರುಳಲ್ಲಿ ಒಡೆದುಹೋಗುತ್ತೆ, ಹೆರಿಗೆಯಲ್ಲಿ ಇದನ್ನ ಮಾತ್ರೆಯಾಗಿ ಕೊಡದೆ ಇಂಜೆಕ್ಷನ್ ಆಗೇ ಕೊಡೋದು ಅದಕ್ಕೇ. ಇನ್ನು ಮೈನೆರೆಯೋದನ್ನ ನಡೆಸೋ ಹಾರ್ಮೋನುಗಳೇ ಬೇರೆ.

ಈಗ ಬ್ಯಾನ್. ನೀವು ಕೇಳ್ತಿರೋದನ್ನ ಕೇಂದ್ರ ಸರ್ಕಾರ ಮುಕ್ಕಾಲು ಪಾಲು ಮಾಡಿ ನೋಡಿಯಾಗಿದೆ, ಅದೂ ನಮ್ಮ ಬೆಂಗಳೂರಿನ ಹೆಸರಲ್ಲಿ. 2018ರ ಏಪ್ರಿಲ್‌ನಲ್ಲಿ ಒಂದು ಅಧಿಸೂಚನೆ ಬಂತು, ದೇಶದೊಳಗಿನ ಬಳಕೆಗೆ ಯಾವ ಖಾಸಗಿ ಕಂಪನಿನೂ ಆಕ್ಸಿಟೋಸಿನ್ ಮಾಡೋ ಹಾಗಿಲ್ಲ, ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಅನ್ನೋ ಬೆಂಗಳೂರಿನ ಸರ್ಕಾರಿ ಕಂಪನಿ ಒಂದೇ ಇಡೀ ಭಾರತಕ್ಕೆ ಪೂರೈಸಬೇಕು ಅಂತ. ಅದಕ್ಕೆ ಮುಂಚೆ ಆ ಕಂಪನಿ ಈ ಔಷಧಿ ಮಾಡ್ತಾನೇ ಇರ್ಲಿಲ್ಲ. ಯೋಚನೆ ಮಾಡಿ ಮೇಷ್ಟ್ರೇ, ಕಾಶ್ಮೀರದ ಹಳ್ಳಿಯಿಂದ ಕನ್ಯಾಕುಮಾರಿವರೆಗೆ ಹೆರೋ ಪ್ರತಿ ಹೆಂಗಸಿನ ಜೀವ ಒಂದೇ ಫ್ಯಾಕ್ಟರಿಗೆ ಕಟ್ಟಿಬಿಟ್ರೆ, ಅಲ್ಲಿ ಒಂದು ಮಷೀನ್ ಕೆಟ್ರೆ ಏನ್ ಗತಿ? ಆಲ್ ಇಂಡಿಯಾ ಡ್ರಗ್ ಆಕ್ಷನ್ ನೆಟ್‌ವರ್ಕ್ ಅನ್ನೋ ಔಷಧಿ ಹೋರಾಟದ ಸಂಘಟನೆಯವರು, ಕಂಪನಿಗಳವರು ಕೋರ್ಟಿಗೆ ಹೋದ್ರು, 2018ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಅಧಿಸೂಚನೆ ರದ್ದು ಮಾಡ್ತು. ಲೈಸೆನ್ಸ್ ಇರೋ ಕಂಪನಿಗಳ ಮಾಲೇ ಕೊಟ್ಟಿಗೆಗೆ ಹೋಗ್ತಿದೆ ಅನ್ನೋದಕ್ಕೆ ಆಧಾರ ಇಲ್ಲ, ತಾಯಂದಿರಿಗೆ ಆಗೋ ಅಪಾಯ ಯೋಚನೆನೇ ಮಾಡಿಲ್ಲ ಅನ್ನೋದು ಆ ತೀರ್ಪಿನ ತಿರುಳು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು, 2019ರಲ್ಲಿ ವಿಷಯ ದೊಡ್ಡ ಪೀಠಕ್ಕೆ ಹೋಯ್ತು. ಕೊಟ್ಟಿಗೆಗೆ ಬರೋದು ಕದ್ದು ಮಾಡಿದ ಮಾಲು, ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟ್ಲಿ, ಅದನ್ನ ಮಾಡೋನಿಗೆ ಬ್ಯಾನ್ ಆದ್ರೇನು ಬಿಟ್ರೇನು?

ಮಗು ಹುಟ್ಟಿ ಕಸ (ಮಾಸು) ಬಿದ್ದ ಮೇಲೆ ಗರ್ಭಕೋಶ ಮುಷ್ಟಿ ಹಿಡಿದ ಹಾಗೆ ಗಟ್ಟಿಯಾಗಬೇಕು, ಆಗಲೇ ಅಲ್ಲಿನ ರಕ್ತನಾಳ ಮುಚ್ಚೋದು. ಗಟ್ಟಿಯಾಗದೆ ಮೆತ್ತಗೇ ಉಳಿದ್ರೆ ರಕ್ತ ನಲ್ಲಿ ತಿರುಗಿಸಿದಂಗೆ ಹೋಗುತ್ತೆ, ಆರೋಗ್ಯವಾಗಿದ್ದವಳೇ ಒಂದೆರಡು ಗಂಟೆಯಲ್ಲಿ ಹೋಗಿಬಿಡ್ತಾಳೆ. ಜಗತ್ತಿನಲ್ಲಿ ಹೆರಿಗೆ ಸಾವುಗಳಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇವತ್ತಿಗೂ ರಕ್ತಸ್ರಾವನೇ. ಅದಕ್ಕೇ ಮಗು ಹೊರಗೆ ಬಂದ ತಕ್ಷಣ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ನಮ್ಮ ಅಜ್ಜಿಯ ತಂಗಿ ಹೀಗೇ ಹೋದೋರು, ಮನೆ ಹೆರಿಗೆ, ಕೂಸು ಉಳೀತು, ಅವರು ಬೆಳಗಾಗೋದರೊಳಗೆ ಇಲ್ಲ. ಮನೆಯಲ್ಲಿ ಎಲ್ಲರೂ ಅದನ್ನ ಹಣೆಬರಹ ಅಂತಲೇ ಹೇಳ್ತಿದ್ರು. ಹಣೆಬರಹ ಅಲ್ಲ ಮೇಷ್ಟ್ರೇ. 1906ರಲ್ಲೇ ಇಂಗ್ಲೆಂಡಿನ ಹೆನ್ರಿ ಡೇಲ್ ಅನ್ನೋರು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರಕ್ಕೆ ಬೆಕ್ಕಿನ ಗರ್ಭಕೋಶ ಬಿಗಿಯೋದನ್ನ ಕಂಡಿದ್ರು, 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅದರ ರಚನೆ ಬಿಡಿಸಿ ಲ್ಯಾಬಲ್ಲೇ ತಯಾರಿಸಿದ್ರು, 1955ರಲ್ಲಿ ಅವರಿಗೆ ನೊಬೆಲ್ ಬಂತು. ಔಷಧಿ ಇತ್ತು, ನಮ್ಮ ಮನೆ ಬಾಗಿಲಿಗೆ ಬರ್ಲಿಲ್ಲ ಅಷ್ಟೇ.

ಹೌದು, ಆಸ್ಪತ್ರೆಯಲ್ಲೂ ಇದರ ದುರ್ಬಳಕೆ ಇದೆ. ಹೆರಿಗೆಗೆ ಮುಂಚೆ ಬೇಗ ಮುಗೀಲಿ ಅಂತ ಅಳತೆ ಇಲ್ಲದೆ 'ನೋವಿನ ಇಂಜೆಕ್ಷನ್' ಚುಚ್ಚೋರಿದ್ದಾರೆ, ಗರ್ಭಕೋಶ ಹರಿಯಬಹುದು, ಮಗುವಿಗೆ ಆಮ್ಲಜನಕ ಸಾಲದೇ ಹೋಗಬಹುದು. ನೋವು ಬರಿಸೋಕೆ ಕೊಡೋದಾದ್ರೆ ಡ್ರಿಪ್ಪಲ್ಲಿ ಹನಿ ಎಣಿಸಿ, ಮಗುವಿನ ಎದೆಬಡಿತ ನೋಡ್ತಾ ಕೊಡಬೇಕು. ಅದು ಕಲಿಸಿ ತಿದ್ದಬೇಕಾದ ತಪ್ಪು.

ಲವ್ ಹಾರ್ಮೋನ್ ಕತೆಗೆ ಬರ್ತೀನಿ. 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಜ್ಯೂರಿಕ್‌ನವರ ಪ್ರಯೋಗ ಬಂತು, ಮೂಗಿಗೆ ಆಕ್ಸಿಟೋಸಿನ್ ಹೊಡ್ಕೊಂಡೋರು ದುಡ್ಡಿನ ಆಟದಲ್ಲಿ ಅಪರಿಚಿತರನ್ನ ಹೆಚ್ಚು ನಂಬಿದ್ರು ಅಂತ. ಆ ಪ್ರಯೋಗದಲ್ಲಿ ಇದ್ದೋರೆಲ್ಲ ಗಂಡು ವಿದ್ಯಾರ್ಥಿಗಳು. ಅಲ್ಲಿಂದ ಶುರುವಾಯ್ತು ನೋಡಿ, ಪ್ರೀತಿ, ನಂಬಿಕೆ, ದಾಂಪತ್ಯ ಎಲ್ಲಾ ಇದರ ಲೆಕ್ಕಕ್ಕೆ. 2020ರಲ್ಲಿ ಅದನ್ನ ಇನ್ನೂ ಹೆಚ್ಚು ಜನರ ಮೇಲೆ ಮತ್ತೆ ಮಾಡಿ ನೋಡಿದ್ರೆ ಆ ಫಲಿತಾಂಶ ನಿಲ್ಲಲಿಲ್ಲ. 2021ರಲ್ಲಿ ಆಟಿಸಂ ಇರೋ 290 ಮಕ್ಕಳಿಗೆ 24 ವಾರ ಸ್ಪ್ರೇ ಕೊಟ್ಟು ನೋಡಿದ್ರು, ಔಷಧಿ ಇಲ್ಲದ ಸ್ಪ್ರೇ ಪಡೆದೋರಿಗಿಂತ ಬೆರೆಯೋದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜೋಡಿ ಬಿಡದೆ ಬದುಕೋ ಪ್ರೇರಿ ವೋಲ್ ಅನ್ನೋ ಇಲಿ ಜಾತಿ ಇದೆ, ಈ ಕತೆಗೆಲ್ಲ ಅದೇ ಮೂಲ ಸಾಕ್ಷಿ, 2023ರಲ್ಲಿ ಆಕ್ಸಿಟೋಸಿನ್ ಹೋಗಿ ಕೂತು ಕೆಲಸ ಮಾಡೋ ಜಾಗವನ್ನೇ (ರಿಸೆಪ್ಟರ್) ಅದರಲ್ಲಿ ತೆಗೆದುಹಾಕಿದ್ರೂ ಅವು ಜೋಡಿ ಕಟ್ಟಿದ್ವು. ಸಂಶೋಧನೆ ನಡೀಲಿ, ಬೇಡ ಅನ್ನಲ್ಲ. ಆದ್ರೆ ಆಟಿಸಂ ಮಗುವಿನ ತಂದೆತಾಯಿಗೆ ಆನ್‌ಲೈನಲ್ಲಿ ಈ ಸ್ಪ್ರೇ ಮಾರೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ, ಆ ಮನೆಯೋರ ಹತಾಶೆಯಲ್ಲಿ ದುಡ್ಡು ಮಾಡೋದು ಅದು.

ಇದೇ ಕಾಲದಲ್ಲಿ ಬೆಳಗಾವಿಯಲ್ಲಿ ಏನಾಗ್ತಿತ್ತು ಅಂತ ನಿಮಗೆ ಯಾರೂ ಹೇಳಿರಲ್ಲ, ನಮ್ಮ ಪತ್ರಕರ್ತರಿಗೂ ಅದು ಸುದ್ದಿ ಅಲ್ಲ. ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದವರ ಜೊತೆ ಸೇರಿ, ಸುತ್ತಲಿನ ಹಳ್ಳಿಗಳ 1,620 ಹೆಂಗಸರಲ್ಲಿ ಒಂದು ಪ್ರಯೋಗ ಮಾಡಿದ್ರು, ಗರ್ಭಕೋಶ ಗಟ್ಟಿ ಮಾಡೋ, ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನ ಊರಿನ ದಾದಿಯರು, ಅಂದ್ರೆ ಎ.ಎನ್.ಎಂ.ಗಳೇ ಕೊಟ್ಟರೆ ಹೇಗೆ ಅಂತ. ತಾಯಿಯ ಕೆಳಗೆ ಅಳತೆ ಗೆರೆ ಇರೋ ಪ್ಲಾಸ್ಟಿಕ್ ಚೀಲ ಹಾಸಿ ರಕ್ತ ಅಳೆದರು. ಹೆಚ್ಚು ರಕ್ತ ಹೋಗೋದು ನೂರಕ್ಕೆ 12ರಿಂದ 6.4ಕ್ಕೆ ಇಳೀತು, 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಅಚ್ಚಾಯ್ತು. ಆಮೇಲೆ ಕಾರ್ಬೆಟೋಸಿನ್ ಬಂತು, ಆಕ್ಸಿಟೋಸಿನ್ನಿನ ಬಿಸಿ ತಡೆಯೋ ತಮ್ಮ ಅನ್ನಿ, 10 ದೇಶಗಳ ಸುಮಾರು 30,000 ತಾಯಂದಿರ ಪರೀಕ್ಷೆಯಲ್ಲಿ ಅದು ಆಕ್ಸಿಟೋಸಿನ್‌ಗೆ ಸರಿಸಮ ಅಂತ 2018ರಲ್ಲಿ ಗೊತ್ತಾಯ್ತು, ಅದರಲ್ಲೂ ಬೆಳಗಾವಿಯವರು ಇದ್ರು. ಪ್ರೀತಿಯ ಸ್ಪ್ರೇಗೆ ಮುಖಪುಟ, ಇದಕ್ಕೆ ಒಳಪುಟದಲ್ಲೂ ಜಾಗ ಇಲ್ಲ. ಹೆಂಗಸಿನ ದೇಹದ ಔಷಧಿ ಅಂದ್ರೆ ನಮ್ಮಲ್ಲಿ ಯಾವಾಗಲೂ ಹೀಗೇ, ಅದರಿಂದ ಊರ ಹಾಲಿಗೆ ತೊಂದರೆ ಅಂದಾಗ ಮಾತ್ರ ಎಲ್ಲರಿಗೂ ಎಚ್ಚರ ಆಗುತ್ತೆ.

ಬಿಸಿ ತಡೆಯೋ ವಿಷಯ ಯಾಕೆ ಮುಖ್ಯ ಅಂದ್ರೆ, ಆಕ್ಸಿಟೋಸಿನ್ ಆಂಪ್ಯೂಲ್ (ಇಂಜೆಕ್ಷನ್ನಿನ ಗಾಜಿನ ಪುಟ್ಟ ಸೀಸೆ) 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಲಿಗೆ ಬಿದ್ದ ಆಂಪ್ಯೂಲ್ ನೋಡೋಕೆ ಹಾಗೇ ಇರುತ್ತೆ, ಶಕ್ತಿ ಇಳಿದಿರುತ್ತೆ, ಕೊಟ್ಟ ನರ್ಸಿಗೂ ಗೊತ್ತಾಗಲ್ಲ. ನಮ್ಮ ಚಿಕ್ಕಮ್ಮ ಬಯಲುಸೀಮೆಯಲ್ಲಿ ಎ.ಎನ್.ಎಂ. ಆಗಿದ್ದೋರು, ಕರೆಂಟ್ ಹೋದ್ರೆ ಲಸಿಕೆ ಡಬ್ಬಿಯ ಐಸ್ ಪಕ್ಕ ಇದನ್ನೂ ಇಟ್ಕೊಂಡು ಕೂರ್ತಿದ್ರು, "ಇದು ಕೆಟ್ರೆ ಒಂದು ಮನೆ ದೀಪ ಆರುತ್ತೆ ಕಣೋ" ಅನ್ನೋರು.

ಮೇಷ್ಟ್ರೇ, ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದೆ ಅಂತ ಪತ್ರ ನೋಡಿದ್ರೇ ಗೊತ್ತಾಗುತ್ತೆ. ಕದ್ದು ಮಾಡಿದ ಬಾಟ್ಲಿ ಮಾರೋ ಅಂಗಡಿ ಕಂಡ್ರೆ ಡ್ರಗ್ ಇನ್ಸ್‌ಪೆಕ್ಟರಿಗೆ ದೂರು ಕೊಡಿ. ಹಾಗೇ ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಿ, ಹೆರಿಗೆ ರೂಮಿನ ಆಕ್ಸಿಟೋಸಿನ್ ಫ್ರಿಜ್ಜಲ್ಲಿದೆಯಾ ಬೀರುವಲ್ಲಿದೆಯಾ, ಕರೆಂಟ್ ಹೋದಾಗ ಏನ್ ಮಾಡ್ತಾರೆ, ಸ್ಟಾಕ್ ಖಾಲಿ ಆಗಿದ್ದು ಯಾವಾಗ ಅಂತ ಕೇಳಿ ಬರೆದು ಕಳಿಸಿ. ಪೂರ್ತಿ ಹಾಕ್ತೀನಿ, ಒಂದು ಸಾಲೂ ಕತ್ತರಿಸಲ್ಲ.